ಕಾರಿನೊಳಗೆ ಮುಗ್ಗಲು ವಾಸನೆಯಾ? ಒಣಗಿಸುವ ಮೊದಲು ನೀರು ಎಲ್ಲಿಂದ ಬಂತು ನೋಡಿ

ಬಾಗಿಲು ತೆಗೆದ ಕೂಡಲೇ ಹಳೇ ಗೋಣಿಚೀಲದ ವಾಸನೆ ಬರುತ್ತದೆಯಾ? ಬೆಳಿಗ್ಗೆ ನೋಡಿದರೆ ಗ್ಲಾಸಿನ ಒಳಮೈ ಬೆವತಿರುತ್ತದೆಯಾ? ಹಾಗಾದರೆ ಪರ್ಫ್ಯೂಮ್ ಡಬ್ಬಿ ತರಲು ಪೇಟೆಗೆ ಓಡಬೇಡಿ. ಕಾಲಡಿಯ ರಬ್ಬರ್ ಮ್ಯಾಟ್ ಎತ್ತಿ. ಕೆಳಗಿನ ಕಾರ್ಪೆಟ್ ಮೇಲೆ ಒಂದು ಹಳೇ ಪೇಪರ್ ಮಡಚಿ ಇಡಿ. ಅದರ ಮೇಲೆ ಹಿಮ್ಮಡಿ ಊರಿ, ಮೈಭಾರ ಬಿಟ್ಟು ಒಂದು ನಿಮಿಷ ಒತ್ತಿ. ನಾಲ್ಕೂ ಸೀಟಿನ ಕಾಲಡಿಯಲ್ಲಿ ಹೀಗೇ ಮಾಡಿ. ಯಾವ ಮೂಲೆಯ ಪೇಪರ್ ತೇವ ಹೀರಿತೋ ಅಲ್ಲಿಂದ ನಿಮ್ಮ ಕೆಲಸ ಶುರು.

ಕೈಯಿಂದ ಮುಟ್ಟಿ ನೋಡಿದರೆ ಸಾಲದು. ನಾನು ಮೋಸ ಹೋದದ್ದು ಅಲ್ಲೇ. ಕಾರಿನ ಕಾರ್ಪೆಟ್ ಅಂದರೆ ಕಣ್ಣಿಗೆ ಕಾಣುವ ಆ ಕಪ್ಪು ಬಟ್ಟೆ ಮಾತ್ರ ಅಲ್ಲ. ಅದರ ಕೆಳಗೆ ಎರಡು ಬೆರಳು ದಪ್ಪದ ಫೆಲ್ಟ್ ಅಥವಾ ಸ್ಪಂಜ್ ಇರುತ್ತದೆ, ರಸ್ತೆಯ ಸದ್ದು ಒಳಗೆ ಬರದೇ ಇರಲಿ ಅಂತ ಕಂಪೆನಿಯವರು ಹಾಕಿದ್ದು. ನೀರು ಕುಡಿಯುವುದು ಅದು. ಮೇಲಿನ ಬಟ್ಟೆ ಒಂದು ದಿನದಲ್ಲಿ ಒಣಗಿದ ಹಾಗೆ ಕಾಣುತ್ತದೆ, ಕೆಳಗಿನ ಫೆಲ್ಟ್ ತಿಂಗಳಾದರೂ ಹಿಂಡಿದರೆ ನೀರು ಬಿಡುತ್ತದೆ. ಅಂಗಳದಲ್ಲಿ ದಪ್ಪಗೆ ಹರಡಿ ಕೈಯಾಡಿಸದೆ ಬಿಟ್ಟ ಅಡಿಕೆ ಹೇಗೆ? ಮೇಲೆ ಗರಿಗರಿ, ಅಡಿಯಲ್ಲಿ ಬೂಷ್ಟು. ಇದೂ ಅದೇ ಕಥೆ. ಒದ್ದೆಯಾದ ಬಟ್ಟೆ, ನಾರು ಇಂಥದ್ದರಲ್ಲಿ ಬೂಷ್ಟು ಹಿಡಿಯಲು 24ರಿಂದ 48 ಗಂಟೆ ಸಾಕು. ಕಾಸರಗೋಡಿನಂಥ ಜಾಗದಲ್ಲಿ, ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಸುರಿಯುವ ಕಡೆ, ಅದಕ್ಕೆ ಬೇರೆ ಆಮಂತ್ರಣ ಬೇಡ ಅಲ್ವಾ.

ನಮ್ಮ ಮನೆ ಕಾಸರಗೋಡಿನ ಬದಿಯಡ್ಕದಿಂದ ಒಳಗೆ, ತೋಟದ ಬದಿಯಲ್ಲಿ. ಕಾರು ಸೆಕೆಂಡ್ ಹ್ಯಾಂಡ್, ಸಣ್ಣದು. ಆಟಿ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟ್ ಹೊತ್ತಿಗೆ, ಒಂದು ದಿನ ಎಡಗಡೆ ಮುಂದಿನ ಸೀಟಿನ ಕಾಲಡಿ ಪಚಪಚ ಅಂದಿತು. ಆ ಸೀಟು ಅಮ್ಮನದ್ದು, ಹಾಗಾಗಿ ಮೊದಲ ಆರೋಪ ಅಮ್ಮನ ಕೊಡೆಯ ಮೇಲೆ. "ನನ್ನ ಕೊಡೆಯಿಂದ ಒಂದು ಕೊಡಪಾನ ನೀರು ಇಳಿಯುತ್ತದಾ ಮಾರಾಯ?" ಅಂದರು. ನಾನು ಕೇಳಲಿಲ್ಲ. ಮ್ಯಾಟ್ ತೆಗೆದು ಬಚ್ಚಲ ಒಲೆಯ ಮೇಲಿನ ಬಿದಿರಿನಲ್ಲಿ ನೇತು ಹಾಕಿ ಒಣಗಿಸಿದೆ, ಕಾರ್ಪೆಟಿಗೆ ಎರಡು ದಿನ ಟೇಬಲ್ ಫ್ಯಾನ್ ಇಟ್ಟೆ, ಮುಗಿಯಿತು ಅಂದುಕೊಂಡೆ. ವಾರದಲ್ಲಿ ಮತ್ತೆ ಒದ್ದೆ, ಜೊತೆಗೆ ವಾಸನೆ. ವರ್ಕ್‌ಶಾಪಿಗೆ ಕೊಂಡುಹೋದರೆ ಅವರು ಬಾಗಿಲಿನ ರಬ್ಬರ್ ಹೋಗಿದೆ ಅಂದರು. ಹೊಸತು ಹಾಕಿಸಿದೆ. ದುಡ್ಡು ಹೋಯಿತು, ನೀರು ಹೋಗಲಿಲ್ಲ. ಕೊನೆಗೆ ಭಾವ ಬಂದವರು ಒಂದೇ ಪ್ರಶ್ನೆ ಕೇಳಿದರು: "ಮಳೆ ಇಲ್ಲದ ದಿನವೂ ಒದ್ದೆಯಾಗುತ್ತದಾ?"

ಆ ಪ್ರಶ್ನೆ ಮೊದಲೇ ಕೇಳಿಕೊಂಡಿದ್ದರೆ ರಬ್ಬರಿನ ದುಡ್ಡು ಉಳಿಯುತ್ತಿತ್ತು. ನೀವೂ ಅದರಿಂದಲೇ ಶುರು ಮಾಡಿ.

ಮಳೆ ಇಲ್ಲದಿದ್ದರೂ ಒದ್ದೆ ಆಗುತ್ತಿದ್ದರೆ

ಎಡಗಡೆ ಮುಂದೆ ಮಾತ್ರ ಒದ್ದೆ, ನೀರಿಗೆ ಬಣ್ಣ ಇಲ್ಲ, ಜಿಗುಟಿಲ್ಲ, ಎ.ಸಿ. ಹಾಕಿ ದೂರ ಹೋದ ದಿನ ಜಾಸ್ತಿ. ಹೀಗಿದ್ದರೆ ಮುಕ್ಕಾಲು ಪಾಲು ಎ.ಸಿ. ನೀರಿನದ್ದೇ ಕೆಲಸ. ಎ.ಸಿ. ಓಡುವಾಗ ಗಾಳಿಯ ತೇವ ಡ್ಯಾಶ್‌ಬೋರ್ಡ್ ಒಳಗಿನ ತಣ್ಣನೆ ಕಾಯಿಲಿನ ಮೇಲೆ ನೀರಾಗಿ ಇಳಿಯುತ್ತದೆ. ಆ ನೀರು ಒಂದು ಸಣ್ಣ ರಬ್ಬರ್ ನಳಿಗೆಯಲ್ಲಿ ಕಾರಿನ ಅಡಿಗೆ ಹೋಗಿ ರಸ್ತೆಗೆ ತೊಟ್ಟಿಕ್ಕಬೇಕು. ನಳಿಗೆ ಕಟ್ಟಿಕೊಂಡರೆ ನೀರಿಗೆ ಬೇರೆ ದಾರಿ ಇಲ್ಲ, ನೇರ ಅಮ್ಮನ ಕಾಲಡಿಗೆ.

ಪರೀಕ್ಷೆ ಸುಲಭ. ಒಣಗಿದ ಸಿಮೆಂಟ್ ನೆಲದಲ್ಲಿ ಕಾರು ನಿಲ್ಲಿಸಿ ಎ.ಸಿ. ಹಾಕಿ ಇಪ್ಪತ್ತು ನಿಮಿಷ ಬಿಡಿ. ನಮ್ಮ ಕಡೆಯ ಗಾಳಿಗೆ ಕೆಳಗೆ ನೀರಿನ ಮಡು ಆಗಲೇಬೇಕು. ನೆಲ ಒಣಗಿಯೇ ಇದ್ದರೆ ಕಳ್ಳ ಸಿಕ್ಕಿದ. ನಾನು ನೋಡಿದಾಗ ಒಂದು ಹನಿ ಇಲ್ಲ. ಕಾರಿನ ಅಡಿಗೆ ನುಗ್ಗಿ ನಳಿಗೆ ಹುಡುಕಿದರೆ ಅದರ ಬಾಯಿಯಲ್ಲಿ ಮಣ್ಣಿನ ಗೂಡು ಕಟ್ಟುವ ಕಣಜ ಸಂಸಾರ ಹೂಡಿತ್ತು! ಬೇಸಿಗೆಯಲ್ಲಿ ಕಾರು ಶೆಡ್ಡಿನಲ್ಲಿ ಸುಮ್ನೆ ನಿಂತಿದ್ದಾಗ ಕಟ್ಟಿದ್ದಿರಬೇಕು. ಬೆರಳಿನಿಂದ ಕೆರೆದು ತೆಗೆದೆ. ಒಳಗೆ ಇನ್ನೂ ಕಟ್ಟಿದ್ದರೆ ಕೆಳಗಿನಿಂದ ವ್ಯಾಕ್ಯೂಮ್ ಕೊಟ್ಟು ಎಳೆಯಿರಿ, ಅಥವಾ ಮೆತ್ತನೆಯ ನೈಲಾನ್ ದಾರ ಸ್ವಲ್ಪವೇ ತೂರಿಸಿ. ಸೈಕಲ್ ಕಡ್ಡಿ, ತಂತಿ ಹಾಕಿ ತಿವಿಯಬೇಡಿ. ಒಳಗೆ ಕಾಯಿಲಿಗೆ ತೂತು ಬಿದ್ದರೆ ಸಾವಿರಗಟ್ಟಲೆ ಖರ್ಚು. ತೆಗೆದ ಕೂಡಲೇ ಗಳಗಳ ಅಂತ ನೀರು ಸುರಿಯಿತು, ನನ್ನ ಮುಖದ ಮೇಲೇ. ಕಣ್ಣು ಮುಚ್ಚಿಕೊಳ್ಳಿ.

ಇನ್ನೊಂದು ಸಾಧ್ಯತೆ ಹೀಟರ್ ಕಾಯಿಲ್ ಸೋರುವುದು. ಆಗ ಬರುವುದು ನೀರಲ್ಲ, ಎಂಜಿನ್ ತಣ್ಣಗಿಡುವ ಕೂಲಂಟ್. ಬೆರಳಿಗೆ ಜಿಗುಟು, ಹಸಿರು ಅಥವಾ ಕೆಂಪು ಬಣ್ಣ, ಸಿಹಿ ಸಿಹಿ ವಾಸನೆ, ಮುಂದಿನ ಗ್ಲಾಸಿನ ಒಳಗೆ ಎಣ್ಣೆ ಸವರಿದ ಹಾಗೆ ಮಬ್ಬು. ಬಾನೆಟ್ ತೆಗೆದು ಕೂಲಂಟ್ ಡಬ್ಬಿಯ ಮಟ್ಟ ನೋಡಿ, ಇಳಿಯುತ್ತಿದ್ದರೆ ಓಡಿಸುವುದು ಬಿಟ್ಟು ಮೆಕ್ಯಾನಿಕ್ಕನ್ನು ಕರೆಸಿ, ಯಾಕೆಂದರೆ ಇದು ವಾಸನೆಯ ವಿಷಯ ಅಲ್ಲ, ಎಂಜಿನ್ ಕಾಯುವ ವಿಷಯ. ಕೂಲಂಟ್ ವಿಷ. ಮಕ್ಕಳು, ನಾಯಿ, ಬೆಕ್ಕು ಹತ್ತಿರ ಸುಳಿಯದ ಹಾಗೆ ನೋಡಿಕೊಳ್ಳಿ.

ಹಿಂದೆ ವೈಪರ್ ಇರುವ ಕಾರುಗಳಲ್ಲಿ ಗ್ಲಾಸ್ ತೊಳೆಯುವ ನೀರಿನ ಸಪೂರ ಪೈಪ್ ಒಳಗೇ ಕಳಚಿಕೊಳ್ಳುವುದೂ ಉಂಟು. ಒದ್ದೆಯ ಜಾಗದಲ್ಲಿ ಸೋಪಿನ ವಾಸನೆ ಬಂದರೆ ಅದೇ.

ಮಳೆ ಬಂದಾಗ ಮಾತ್ರ ಒದ್ದೆ ಆದರೆ

ಇಲ್ಲಿ ದಾರಿಗಳು ಜಾಸ್ತಿ, ತಾಳ್ಮೆ ಬೇಕು.

ಮೊದಲು ವೈಪರ್ ಕೆಳಗಿನ ಕಪ್ಪು ಪ್ಲಾಸ್ಟಿಕ್ ಜಾಲರಿ ನೋಡಿ. ಮುಂದಿನ ಗ್ಲಾಸಿನಿಂದ ಇಳಿದ ಮಳೆನೀರು ಅದರೊಳಗೆ ಹೋಗಿ ಎರಡು ಬದಿಯ ತೂತುಗಳಿಂದ ಕೆಳಗೆ ಇಳಿಯಬೇಕು. ಹಲಸಿನ ಮರದ ಅಡಿ, ಗೇರು ಮರದ ಅಡಿ ಕಾರು ನಿಲ್ಲಿಸುವವರು ನಾವು. ಎಲೆ, ಹೂ, ಹಿಂಗಾರದ ಪುಡಿ ಎಲ್ಲ ಅಲ್ಲಿ ಸೇರಿ ಗೊಬ್ಬರವೇ ಆಗಿರುತ್ತದೆ. ತೂತು ಕಟ್ಟಿದರೆ ನೀರು ಮೇಲೇರಿ ಗಾಳಿ ಎಳೆಯುವ ಕಿಂಡಿಯಿಂದ ಒಳಗೆ ಬರುತ್ತದೆ. ಎ.ಸಿ. ನೀರು ಇಳಿಯುವ ಜಾಗಕ್ಕೇ ಇದೂ ಬರುವುದರಿಂದ ಎರಡನ್ನೂ ಒಂದೇ ಅಂತ ತಿಳಿಯುವವರು ಬಹಳ. ಗ್ಲೋವ್ ಬಾಕ್ಸ್ ಹಿಂದೆ ಒಳಗೆ ಬರುವ ಗಾಳಿ ಸೋಸುವ ಕ್ಯಾಬಿನ್ ಫಿಲ್ಟರ್ ಇರುತ್ತದೆ, ಎಳೆದು ನೋಡಿ, ಅದು ಒದ್ದೆಯಾಗಿದ್ದರೆ, ಎಲೆ ಚೂರು ಅಂಟಿದ್ದರೆ ನೀರು ಮೇಲಿನಿಂದಲೇ ಬಂದಿದೆ ಅಂತ ಅರ್ಥ.

ಎರಡನೆಯದು ಬಾಗಿಲು. ಇದು ತುಂಬ ಜನಕ್ಕೆ ಗೊತ್ತಿರುವುದಿಲ್ಲ: ಬಾಗಿಲಿನ ಹೊಟ್ಟೆಯೊಳಗೆ ಮಳೆನೀರು ಹೋಗುವುದು ದೋಷವೇ ಅಲ್ಲ. ಗ್ಲಾಸ್ ಇಳಿಯುವ ಸಂದಿನಿಂದ ನೀರು ಒಳಗೆ ಹೋಗಿ ಬಾಗಿಲಿನ ತಳದ ತೂತುಗಳಿಂದ ಹೊರಗೆ ಬೀಳುವ ಹಾಗೇ ಅದನ್ನು ಮಾಡಿರುತ್ತಾರೆ. ಆ ನೀರು ಸೀಟಿನ ಕಡೆ ಬಾರದೇ ಇರಲು ಒಳಗಡೆಯ ಪ್ಯಾನೆಲ್ ಹಿಂದೆ ಒಂದು ಪ್ಲಾಸ್ಟಿಕ್ ಹಾಳೆ ಅಂಟಿಸಿರುತ್ತಾರೆ. ಹೊಸ ಸ್ಪೀಕರ್ ಹಾಕಿಸಿದ್ದೀರಾ? ಪವರ್ ವಿಂಡೋ ರಿಪೇರಿ ಆಗಿದೆಯಾ? ಹಾಗಾದರೆ ಆ ಹಾಳೆಯನ್ನು ಹರಿದು ಹಾಗೇ ಬಿಟ್ಟಿರುವ ಸಂಭವ ಬಹಳ. ಪ್ಯಾನೆಲ್ ತೆಗೆದು ಹಾಳೆಯನ್ನು ಬ್ಯುಟೈಲ್ ಟೇಪಿನಲ್ಲಿ (ನೀರು ಬಿಡದ ಮೆತ್ತನೆಯ ಅಂಟುಪಟ್ಟಿ) ಮತ್ತೆ ಅಂಟಿಸಿದರೆ ಕೆಲಸ ಮುಗಿಯಿತು. ಜೊತೆಗೆ ತಳದ ತೂತುಗಳಿಗೆ ತೆಂಗಿನ ಗರಿಯ ಒಂದು ಈರ್ಕಿಲ ಕಡ್ಡಿ ಹಾಕಿ ಕೆಸರು ಬಿಡಿಸಿ. ಬಾಗಿಲು ಆಡಿಸಿದಾಗ ಒಳಗೆ ನೀರು ಕುಲುಕಿದ ಸದ್ದು ಬಂದರೆ ತೂತು ಕಟ್ಟಿದೆ ಅಂತಲೇ.

ಸನ್‌ರೂಫ್ ಇರುವವರು ಅದರ ಮೂಲೆಗಳ ಸಪೂರ ನಳಿಗೆಗಳನ್ನು ನೋಡಬೇಕು. ಮೇಲಿನ ಬಟ್ಟೆಯಲ್ಲಿ ಕಂದು ಕಲೆ ಕಂಡರೆ ಅನುಮಾನವೇ ಬೇಡ. ಡಿಕ್ಕಿ ಒದ್ದೆಯಾದರೆ ಸ್ಟೆಪ್ನಿ ಎತ್ತಿ ಗುಂಡಿ ನೋಡಿ, ನೀರು ನಿಂತಿದ್ದರೆ ಹಿಂದಿನ ಲೈಟಿನ ಸಂದು ಮುಚ್ಚುವ ಗ್ಯಾಸ್ಕೆಟ್ ಅಥವಾ ಡಿಕ್ಕಿಯ ರಬ್ಬರ್. ಮುಂದಿನ ಗ್ಲಾಸ್ ಬದಲಿಸಿದ್ದರೆ ಅದರ ಅಂಟಿನ ಮೇಲೂ ಒಂದು ಕಣ್ಣಿರಲಿ. ಇನ್ನು, ತೋಡು ಉಕ್ಕಿ ರಸ್ತೆಗೆ ಬಂದಾಗ ದಾಟಿದ ಮೇಲೆ ಒದ್ದೆಯಾಗಿದ್ದರೆ ನೀರು ಬಂದದ್ದು ಅಡಿಯಿಂದ. ಕಾರಿನ ತಳದಲ್ಲಿ ಕೆಲವು ರಬ್ಬರ್ ಬಿರಡೆಗಳಿರುತ್ತವೆ, ಒಂದು ಕಳಚಿದರೂ ಸಾಕು.

ಇಷ್ಟೆಲ್ಲ ನೋಡಿಯೂ ಗೊತ್ತಾಗದಿದ್ದರೆ ಇಬ್ಬರು ಬೇಕು. ಒಬ್ಬರು ಟಾರ್ಚ್ ಹಿಡಿದು ಕಾರಿನೊಳಗೆ ಕುಳಿತು ಬಾಗಿಲು ಹಾಕಿಕೊಳ್ಳಲಿ. ಅನುಮಾನ ಇರುವ ಜಾಗವನ್ನು ಒರೆಸಿ ಒಣಗಿಸಿ ಟಾಲ್ಕಂ ಪೌಡರ್ ಉದುರಿಸಿ, ನೀರು ಹರಿದ ದಾರಿ ಗೆರೆ ಎಳೆದ ಹಾಗೆ ಕಾಣುತ್ತದೆ. ಹೊರಗಿನವರು ತೋಟದ ಪೈಪಿನಿಂದ ಮೆಲ್ಲಗೆ ನೀರು ಬಿಡಬೇಕು, ಕೆಳಗಿನಿಂದ ಮೇಲಕ್ಕೆ, ಒಂದೊಂದು ಜಾಗಕ್ಕೆ ಐದು ನಿಮಿಷ. ಮೇಲಿನಿಂದ ಶುರು ಮಾಡಿದರೆ ಎಲ್ಲ ಕಡೆಯೂ ಒಟ್ಟಿಗೆ ಒದ್ದೆಯಾಗಿ ಏನೂ ತಿಳಿಯುವುದಿಲ್ಲ. ನಮ್ಮ ತಮ್ಮ ಅಡಿಕೆಗೆ ಬೋರ್ಡೋ ಮದ್ದು ಹೊಡೆಯುವ ಪಂಪ್ ತಂದು ಗನ್ ಹಿಡಿದು ನಿಂತಿದ್ದ, ಹಾಗೆ ಮಾಡಬೇಡಿ. ಆ ರಭಸಕ್ಕೆ ಹೊಸ ಕಾರಿನೊಳಗೂ ನೀರು ನುಗ್ಗುತ್ತದೆ.

ನೀರು ನಿಂತಿತು, ಈಗ ಒಣಗಿಸುವುದು

ನನ್ನ ಮಾತು ಕೇಳುವುದಾದರೆ, ಸೋರಿಕೆ ನಿಲ್ಲುವವರೆಗೆ ಒಣಗಿಸಲು ಒಂದು ರೂಪಾಯಿಯೂ ಖರ್ಚು ಮಾಡಬೇಡಿ. ನಿಂತ ಮೇಲೆ ಮಾತ್ರ ತಡ ಮಾಡಬೇಡಿ.

"ಗ್ಲಾಸ್ ಇಳಿಸಿ ಗಾಳಿಗೆ ಬಿಡು, ಒಣಗುತ್ತದೆ" ಅಂತ ಎಲ್ಲರೂ ಹೇಳುತ್ತಾರೆ. ಡಿಸೆಂಬರಿನಲ್ಲಿ ಸರಿ. ಜುಲೈಯಲ್ಲಿ ಹೊರಗಿನ ಗಾಳಿಯೇ ಒದ್ದೆ ಬಟ್ಟೆಯ ಹಾಗಿರುವಾಗ ಅದು ಕಾರ್ಪೆಟಿನ ನೀರು ಹೀರುವುದು ಹೇಗೆ? ಮಳೆಗಾಲದಲ್ಲಿ ಗಾಳಿ ಒಂದೇ ಸಾಲದು, ಬಿಸಿ ಬೇಕು. ಲೆಕ್ಕ ನೋಡಿ: 27 ಡಿಗ್ರಿಯಲ್ಲಿ ತೇವಾಂಶ ಶೇ. 90 ಇರುವ ಗಾಳಿಯನ್ನು 40 ಡಿಗ್ರಿಗೆ ಕಾಯಿಸಿದರೆ, ಅದರಲ್ಲಿರುವ ನೀರು ಅಷ್ಟೇ ಇದ್ದರೂ, ತೇವಾಂಶ ಶೇ. 45ರ ಹತ್ತಿರ ಇಳಿಯುತ್ತದೆ. ಆಗ ಆ ಗಾಳಿಗೆ ಮತ್ತೆ ದಾಹ. ಅಜ್ಜಿಯರು ಮಳೆಗಾಲದಲ್ಲಿ ಬಟ್ಟೆಯನ್ನು ಬಚ್ಚಲ ಒಲೆಯ ಮೇಲೆ ಒಣಗಿಸುತ್ತಿದ್ದದ್ದು ಇದೇ ಲೆಕ್ಕದಲ್ಲಿ.

ಕಾರಿನಲ್ಲಿಯೇ ಈ ವ್ಯವಸ್ಥೆ ಉಂಟು. ಎ.ಸಿ.ಯೂ ಹಾಕಿ, ಹೀಟರನ್ನೂ ಪೂರ್ತಿ ತಿರುಗಿಸಿ, ಗಾಳಿ ಕಾಲಿನ ಕಡೆ ಬರುವ ಹಾಗೆ ಇಡಿ. ಗಾಳಿ ಮೊದಲು ತಣ್ಣನೆ ಕಾಯಿಲಿನಲ್ಲಿ ನೀರು ಬಿಟ್ಟು, ಆಮೇಲೆ ಹೀಟರಿನಲ್ಲಿ ಬಿಸಿಯಾಗಿ ಒಳಗೆ ಬರುತ್ತದೆ, ಅಂದರೆ ಒಣ ಬಿಸಿ ಗಾಳಿ. ಹೊರಗಿನ ಗಾಳಿ ಎಳೆಯುವ ಸ್ಥಿತಿಯಲ್ಲಿಟ್ಟು ಹಿಂದಿನ ಗ್ಲಾಸ್ ಒಂದು ಬೆರಳಷ್ಟು ಇಳಿಸಿ, ತೇವ ಹೊರಗೆ ಹೋಗಲಿ. ಪೇಟೆಗೆ ಹೋಗಿ ಬರುವಾಗ ಹೀಗೆ ಓಡಿಸಿದರೆ ನಿಮಗೆ ಬೆವರು, ಕಾರ್ಪೆಟಿಗೆ ಲಾಭ. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಿ ಬಿಡಬೇಡಿ, ಹೊಗೆಯ ವಿಷಾನಿಲಕ್ಕೆ ವಾಸನೆಯೂ ಇಲ್ಲ ಬಣ್ಣವೂ ಇಲ್ಲ, ಆಳು ಹೋಗುವುದು ಗೊತ್ತೇ ಆಗುವುದಿಲ್ಲ. ಎ.ಸಿ. ನಳಿಗೆಯೇ ಕಟ್ಟಿದ್ದರೆ ಅದನ್ನು ಬಿಡಿಸಿದ ಮೇಲೆಯೇ ಈ ಉಪಾಯ, ಇಲ್ಲದಿದ್ದರೆ ಒಣಗಿಸಲು ಹೋಗಿ ಇನ್ನಷ್ಟು ನೀರು ಹೊಯ್ದ ಹಾಗೆ.

ಆದರೆ ಇದು ಸ್ವಲ್ಪ ಒದ್ದೆಗೆ ಮಾತ್ರ. ಫೆಲ್ಟ್ ನೀರು ಕುಡಿದಿದ್ದರೆ ಎತ್ತಲೇಬೇಕು. ಮೊದಲು ವೆಟ್ ವ್ಯಾಕ್ಯೂಮ್ ಕೊಟ್ಟು ಎಷ್ಟು ಬರುತ್ತದೋ ಅಷ್ಟು ಎಳೆಸಿ, ಸರ್ವಿಸ್ ಸ್ಟೇಷನ್‌ಗಳಲ್ಲಿ ಇರುತ್ತದೆ. ಇಲ್ಲದಿದ್ದರೆ ಹಳೇ ಬೈರಾಸ (ಟವೆಲ್) ಹಾಸಿ ಕಾಲಿನಿಂದ ಮೆಟ್ಟಿ ಮೆಟ್ಟಿ ಹಿಂಡಿ. ಬಾಗಿಲ ಹೊಸ್ತಿಲಿನ ಪ್ಲಾಸ್ಟಿಕ್ ಪಟ್ಟಿ ಮೆಲ್ಲಗೆ ಮೇಲಕ್ಕೆ ಎಳೆದರೆ ಕ್ಲಿಪ್ ಬಿಟ್ಟು ಬರುತ್ತದೆ, ಅದರಡಿ ಕಾರ್ಪೆಟಿನ ಅಂಚು ಸಿಗುತ್ತದೆ. ಅಂಚನ್ನು ಎತ್ತಿ ಅಡಿಗೆ ಎರಡು ತೆಂಗಿನ ಗೆರಟೆ ಕವುಚಿ ಇಡಿ, ಆ ಸಂದಿಗೆ ಫ್ಯಾನ್ ತಿರುಗಿಸಿ. ಗೆರಟೆಗಿಂತ ಒಳ್ಳೆಯ ಸಾಧನ ನನಗೆ ಸಿಗಲಿಲ್ಲ. ಒದ್ದೆಯಾದರೂ ಕೊಳೆಯುವುದಿಲ್ಲ, ಜಾರುವುದಿಲ್ಲ, ಬಿಟ್ಟಿ.

ಸೀಟು ಬಿಚ್ಚಿದರೆ ಕೆಲಸ ಸಲೀಸು, ಸಾಮಾನ್ಯವಾಗಿ ನಾಲ್ಕು ಬೋಲ್ಟ್. ಆದರೆ ಸೀಟಿನ ಅಡಿ ಹಳದಿ ಬಣ್ಣದ ಕನೆಕ್ಟರ್ ಕಂಡರೆ ಕೈ ಹಿಂದೆ ತೆಗೆಯಿರಿ. ಅದು ಏರ್‌ಬ್ಯಾಗ್ ಅಥವಾ ಸೀಟ್ ಬೆಲ್ಟಿನದ್ದು. ಬ್ಯಾಟರಿಯ ನೆಗೆಟಿವ್ ತೆಗೆದು ಹತ್ತು ನಿಮಿಷ ಕಾದು ಆಮೇಲೆ ಕಳಚಿ. ಸೀಟು ಹೊರಗಿರುವಾಗ ಕೀಲಿ ತಿರುಗಿಸಬೇಡಿ, ಏರ್‌ಬ್ಯಾಗ್ ಲೈಟ್ ಉರಿದು ನಿಂತರೆ ಅದನ್ನು ಆರಿಸಲು ಸ್ಕ್ಯಾನರ್ ಇದ್ದವರ ಹತ್ತಿರ ಹೋಗಬೇಕಾಗುತ್ತದೆ. ಧೈರ್ಯ ಇಲ್ಲದಿದ್ದರೆ ಮೆಕ್ಯಾನಿಕ್ ಅಣ್ಣನಿಗೆ ಹೇಳಿ, ಅರ್ಧ ಗಂಟೆಯ ಕೆಲಸ.

ನನ್ನ ಕಾರಿನಲ್ಲಿ ಫೆಲ್ಟ್ ಬಟ್ಟೆಗೆ ಅಂಟಿರಲಿಲ್ಲ, ತುಂಡಾಗಿ ಹೊರಗೆ ಬಂತು. ಅಡಿಕೆ ಒಣಗಿಸುವ ಸೋಲಾರ್ ಗೂಡು ಆಗ ಖಾಲಿ ಇತ್ತು, ಪ್ಲಾಸ್ಟಿಕ್ ಮಾಡಿನ ಅಡಿ ತಟ್ಟೆಯ ಮೇಲೆ ಹರಡಿದೆ. ಒಣಗಿತೋ ಇಲ್ಲವೋ ತಿಳಿಯಲು ದಿನಾ ಸಂಜೆ ಅಡಿಕೆ ತೂಗುವ ತಕ್ಕಡಿಯಲ್ಲಿ ಇಟ್ಟೆ. ತೂಕ ಇಳಿಯುತ್ತಾ ಹೋಯಿತು, ಎರಡು ಕಿಲೋಗಿಂತ ಜಾಸ್ತಿ ಬರೀ ನೀರು. ಎರಡು ದಿನ ಒಂದೇ ತೂಕ ನಿಂತಾಗ ಒಣಗಿದೆ ಅಂತ ತೀರ್ಮಾನ. ಮುಟ್ಟಿ ನೋಡಿ ಹೇಳಿದ್ದರೆ ಮೂರು ದಿನ ಮೊದಲೇ ಒಳಗೆ ಹಾಕುತ್ತಿದ್ದೆ.

ಶೂ ಡಬ್ಬಿಯಲ್ಲಿ ಬರುವ, ತೇವ ಹೀರುವ ಸಿಲಿಕಾ ಪೊಟ್ಟಣಗಳನ್ನು ಹರಡಿದರೆ ಆಗದಾ ಅಂತ ಭಾವ ಕೇಳಿದರು. ಐದು ಗ್ರಾಮಿನ ಪೊಟ್ಟಣ ಹೆಚ್ಚೆಂದರೆ ಎರಡು ಗ್ರಾಮ್ ನೀರು ಹೀರೀತು. ಎರಡು ಕಿಲೋಗೆ ಎಷ್ಟು ಪೊಟ್ಟಣ ಬೇಕು, ನೀವೇ ಲೆಕ್ಕ ಹಾಕಿ.

ಒಣಗಿದೆ, ಆದರೂ ವಾಸನೆ

ವಾಸನೆ ಯಾವಾಗ ಬರುತ್ತದೆ ಅಂತ ಗಮನಿಸಿ. ಬಾಗಿಲು ತೆಗೆದಾಗ ಬಂದರೆ ಕಾರ್ಪೆಟ್ ಅಥವಾ ಸೀಟು. ಎ.ಸಿ. ಹಾಕಿದ ಮೊದಲ ಅರ್ಧ ನಿಮಿಷ ಬಂದು ಆಮೇಲೆ ಕಡಿಮೆಯಾದರೆ ಕಾಯಿಲಿನ ಮೇಲಿನ ಬೂಷ್ಟು. ಅದಕ್ಕೆ ಕ್ಯಾಬಿನ್ ಫಿಲ್ಟರ್ ಬದಲಿಸಿ, ಕಾಯಿಲಿಗೆ ಹೊಡೆಯುವ ಕ್ಲೀನರ್ ಹೊಡೆಸಿ. ಇನ್ನು ಮುಂದೆ ಮನೆ ತಲುಪುವ ಐದು ನಿಮಿಷ ಮೊದಲು ಎ.ಸಿ. ಆಫ್ ಮಾಡಿ ಬ್ಲೋವರ್ ಮಾತ್ರ ಬಿಡಿ, ಕಾಯಿಲ್ ಒಣಗಿಯೇ ನಿಲ್ಲಲಿ.

ಕಾರ್ಪೆಟಿಗೆ ಬಿಳಿ ವಿನೆಗರ್ ಒಂದು ಪಾಲು, ನೀರು ಒಂದು ಪಾಲು ಬೆರೆಸಿ ಸ್ಪ್ರೇ ಮಾಡಿ, ಬ್ರಷ್ ಆಡಿಸಿ, ಒರೆಸಿ, ಮತ್ತೆ ಒಣಗಿಸಿ. ತೋಯಿಸಬೇಡಿ, ಇಷ್ಟು ಕಷ್ಟಪಟ್ಟು ಒಣಗಿಸಿದ್ದಲ್ವಾ. ವಿನೆಗರ್ ಗಂಧ ಒಂದೆರಡು ದಿನದಲ್ಲಿ ಹೋಗುತ್ತದೆ. ಪೂರ್ತಿ ಒಣಗಿದ ಮೇಲೆ ಅಡುಗೆ ಸೋಡಾ ಉದುರಿಸಿ ರಾತ್ರಿ ಬಿಟ್ಟು ಬೆಳಿಗ್ಗೆ ವ್ಯಾಕ್ಯೂಮ್ ಮಾಡಿ. ಒದ್ದೆಯ ಮೇಲೆ ಸೋಡಾ ಹಾಕಿದರೆ ಹಿಟ್ಟಾಗಿ ನಾರಿನಲ್ಲಿ ಕಚ್ಚಿಕೊಳ್ಳುತ್ತದೆ. ಬ್ಲೀಚ್ ಬೇಡ, ಬಣ್ಣ ಹೋಗುತ್ತದೆ. ವಿನೆಗರ್ ಹಾಕಿದಲ್ಲಿ ಅಂತೂ ಬ್ಲೀಚ್ ಖಂಡಿತಾ ಬೇಡ, ಎರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಬೂಷ್ಟು ಕೆರೆಯುವಾಗ ಬಾಯಿಗೆ ಮಾಸ್ಕ್ ಕಟ್ಟಿ, ದಮ್ಮು ಇದ್ದವರು ಈ ಕೆಲಸಕ್ಕೆ ಇಳಿಯಬೇಡಿ. ಮೀನಿನ ನೀರು, ಹಾಲು ಚೆಲ್ಲಿದ್ದು ಬೇರೆ ರೋಗ. ಅದಕ್ಕೆ ಎನ್‌ಜೈಮ್ ಇರುವ ಕ್ಲೀನರ್ ಬೇಕು, ವಿನೆಗರಿಗೆ ಅದು ಬಗ್ಗುವುದಿಲ್ಲ.

ಫೆಲ್ಟ್ ಕೈಯಲ್ಲಿ ಪುಡಿಯಾಗುತ್ತಿದ್ದರೆ, ಕಪ್ಪು ಚುಕ್ಕೆ ಒಳಗಿನವರೆಗೆ ಇಳಿದಿದ್ದರೆ, ತೊಳೆದು ಸಮಯ ಹಾಳು ಮಾಡದೆ ಬಿಸಾಡಿ, ಹೊಸ ಫೆಲ್ಟ್ ಕತ್ತರಿಸಿ ಹಾಕಿ. ಕಾರ್ಪೆಟ್ ಎತ್ತಿದಾಗ ತಳದ ತಗಡನ್ನೂ ನೋಡಿ. ಕಡಲ ಬದಿಯವರಿಗೆ, ಕುಂಬಳೆ, ಉಪ್ಪಳದವರಿಗೆ, ತುಕ್ಕು ಬೇಗ ಹಿಡಿಯುತ್ತದೆ. ಕೆರೆದು ಪ್ರೈಮರ್ ಹೊಡೆಯಲು ಇದಕ್ಕಿಂತ ಒಳ್ಳೆಯ ಸಂದರ್ಭ ಸಿಗುವುದಿಲ್ಲ. ವಯರಿನ ಕನೆಕ್ಟರುಗಳಲ್ಲಿ ಹಸಿರು ಕಿಲುಬು ಇದ್ದರೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆಯಿರಿ. ಸೀಟಿನ ಮಟ್ಟದವರೆಗೆ ನೆರೆನೀರು ಹೊಕ್ಕ ಕಾರಾದರೆ ಈ ಬರಹದ ಉಪಾಯಗಳು ಸಾಲುವುದಿಲ್ಲ. ಸ್ಟಾರ್ಟ್ ಮಾಡಲು ನೋಡಬೇಡಿ, ಫೋಟೋ ತೆಗೆದು ಇನ್ಶೂರೆನ್ಸಿನವರಿಗೆ ಹೇಳಿ, ಎಳೆಸಿಕೊಂಡು ಹೋಗಿ.

ಈಗ ನಾನು ಮೇ ಕೊನೆಗೆ, ತೋಟದಲ್ಲಿ ನೀರು ಹರಿದು ಹೋಗುವ ಕಣಿ ಬಿಡಿಸುವ ವಾರದಲ್ಲೇ, ಕಾರಿನ ಕಣಿಯನ್ನೂ ಬಿಡಿಸುತ್ತೇನೆ: ವೈಪರ್ ಅಡಿಯ ಕಸ, ಬಾಗಿಲ ತೂತು, ಎ.ಸಿ. ನಳಿಗೆ. ಒಂದು ಗಂಟೆಯೂ ಬೇಡ. ಮಳೆ ಹಿಡಿದ ಮೇಲೆ ತಿಂಗಳಿಗೊಮ್ಮೆ ಅಮ್ಮನ ಕಾಲಡಿಯಲ್ಲಿ ಪೇಪರ್ ಇಟ್ಟು ಒತ್ತಿ ನೋಡುವುದು. "ಕೊಡೆ ಎಲ್ಲಿ ಇಡಲಿ?" ಅಂತ ಅವರು ಈಗಲೂ ಹತ್ತುವಾಗ ಕೇಳುತ್ತಾರೆ, ಬೇಕೆಂದೇ.